ಬೂದಿಗೆ ಕಾವು ಬಂದಿದೆ

ಮಾರ್ಚ್ 6

ಡಾಕ್ಟರಮ್ಮನವರ ಸನ್ನಿಧಾನಕ್ಕೆ,

ನಿನ್ನ ಕೋಟು ಮೊನ್ನೆ ಅಂಚೆಯಲ್ಲಿ ಬಂತು. ಪೊಟ್ಟಣ ಬಿಚ್ಚಿದ ಕೂಡಲೇ ಅಂಗಡಿಯಲ್ಲಿ ಕೂತಿದ್ದ ಗಿರಾಕಿ ಮೂಗು ಮುಚ್ಚಿಕೊಂಡು ಎದ್ದವನು ಪ್ಯಾಂಟಿನ ಅಳತೆಯನ್ನೂ ಕೊಡದೆ ಹೋದ. ಹೋಗಲಿ, ಅವನು ಹೇಗೂ ಸಾಲದ ಗಿರಾಕಿ. ಕೋಟಿನ ಎಡತೋಳು ಕಂಕುಳಿನವರೆಗೆ ಸೀಳಿದೆ. ನೀನು ಕೋಳಿ ಹಿಡಿಯಲು ಹೋಗಿದ್ದೆಯೋ ಹುಲಿ ಹಿಡಿಯಲು ಹೋಗಿದ್ದೆಯೋ? ಒಳಗಿನಿಂದ ಪಟ್ಟಿ ಕೊಟ್ಟು ಎರಡು ಸಾಲು ಹೊಲಿಗೆ ಹಾಕಿದ್ದೇನೆ. ಇನ್ನು ಬಟ್ಟೆ ಬಿಟ್ಟರೂ ಹೊಲಿಗೆ ಬಿಡುವುದಿಲ್ಲ. ಜೇಬಿನಲ್ಲಿ ಒಂದಿಷ್ಟು ಗರಿ, ಹೊಟ್ಟು ಇತ್ತು. ಹಿತ್ತಲಲ್ಲಿ ಕೊಡವಿ, ವಾಸನೆ ಹೋಗಲೆಂದು ಕೋಟನ್ನು ಗೂಡಿನ ಮೇಲಿನ ತಂತಿಗೆ ನೇತು ಹಾಕಿದೆ. ಕೋಳಿಗಳಿಗೂ ಒಂದಿಷ್ಟು ನೆರಳಾಯಿತು.

ನಿನ್ನ ಐದು ಜನ ರಾಣಿಯರಲ್ಲಿ ನಾಲ್ವರು ಚೆನ್ನಾಗಿದ್ದಾರೆ. ಪಕ್ಕದ ಮನೆಯ ಹುಂಜ ಗೋಡೆ ಹಾರಿ ಬರುವುದನ್ನು ಬಿಟ್ಟಿಲ್ಲ. ಅವನ ನಡತೆಯ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಬೂದಿಗೆ ಮಾತ್ರ ಏನೋ ಆಗಿದೆ. ಮೂಲೆ ಹಿಡಿದು ಕೂತಿದೆ. ಕಾಳು ಚೆಲ್ಲಿದರೆ ತಿರುಗಿಯೂ ನೋಡುವುದಿಲ್ಲ. ಗರಿಯೆಲ್ಲ ಉಬ್ಬಿಸಿಕೊಂಡು, ಹತ್ತಿರ ಹೋದರೆ ಗುರ್ ಎನ್ನುತ್ತದೆ. ಹಾಲಿನವನು ಬಗ್ಗಿ ನೋಡಿ, "ಕಾವು ಬಂದಿದೆ ಬಿಡಿ ಮಾಸ್ಟ್ರೇ" ಎಂದು ಹೇಳಿ ಹೊರಟುಹೋದ. ಕಾವು ಎಂದರೆ ಜ್ವರವೇ ತಾನೆ? ಕೈ ಹಾಕಿ ನೋಡಿದೆ, ಹೊಟ್ಟೆ ಕಾದ ಇಸ್ತ್ರಿಪೆಟ್ಟಿಗೆ. ಅಲ್ಲಿ ಗರಿ ಕೂಡ ಉದುರಿ ಬರಿಮೈ ಆಗಿದೆ. ಜ್ವರದ ಮಾತ್ರೆ ಅರ್ಧ ಕೊಡಲೇ, ಕಾಲು ಕೊಡಲೇ?

ಚುಚ್ಚುಮದ್ದಿನ ಕ್ಯಾಂಪು ಹದಿನೈದು ದಿನ ಎಂದು ಹೇಳಿ ಹೋದವಳು. ಇನ್ನೂ ಎಷ್ಟು ಕೋಳಿಗೆ ಚುಚ್ಚಬೇಕು?

ನಿನ್ನ ಮಾಸ್ಟರ್


ಮಾರ್ಚ್ 10

ರೀ,

ನಿಮ್ಮ ಕಾಗದವನ್ನು ಗೇಟಿನ ಹತ್ತಿರ ನಿಂತೇ ಓದಿದೆ. ಮೊದಲು ಆ ಕೋಟನ್ನು ತಂತಿಯಿಂದ ತೆಗೆದು ಸುಟ್ಟುಬಿಡಿ. ನಿಮ್ಮ ಹೊಲಿಗೆ ಎಷ್ಟೇ ಚೆನ್ನಾಗಿರಲಿ, ಸುಡಿ. ಯಾಕೆ ಎಂದು ಕೇಳಬೇಡಿ.

ಬೂದಿಯನ್ನು ಬೇರೆ ಇಡಿ. ಮಾತ್ರೆ ಗೀತ್ರೆ ಏನೂ ಬೇಡ. ಗೂಡಿಗೆ ಹೋಗುವ ಚಪ್ಪಲಿ ಬೇರೆ ಇರಲಿ, ಅದನ್ನು ಹಾಕಿಕೊಂಡು ಅಂಗಡಿಗೆ ಬರಬೇಡಿ. ಹಿತ್ತಲ ಬಾಗಿಲಿಗೆ ಸುಣ್ಣ ಹಾಕಿ. ಕೈಯನ್ನು ಮೊಣಕೈವರೆಗೆ ಸೋಪಿನಲ್ಲಿ ತೊಳೆಯಿರಿ. ಹುಂಜ ಬರದ ಹಾಗೆ ಗೋಡೆಯ ಮೇಲೆ ಬಲೆ ಕಟ್ಟಿ.

ಇನ್ನು ನಾನು ಕೇಳುವುದಕ್ಕೆ ತಮಾಷೆ ಮಾಡದೆ ಉತ್ತರ ಬರೆಯಿರಿ. ಜುಟ್ಟು ನೀಲಿಗೆ ತಿರುಗಿದೆಯೇ? ಮುಖ ಊದಿದೆಯೇ? ಹಿಕ್ಕೆ ಹಸಿರಾಗಿದೆಯೇ? ಉಸಿರು ಗೊರಗೊರ ಎನ್ನುತ್ತದೆಯೇ? ಕತ್ತು ತಿರುಚುತ್ತದೆಯೇ? ಉಳಿದ ನಾಲ್ಕರಲ್ಲಿ ಯಾವುದಾದರೂ ತೂಕಡಿಸುತ್ತಿದೆಯೇ?

ಇಲ್ಲಿ ಇರುವುದು ಒಂದೇ ಫೋನು, ಸಾಹೇಬರ ಮೇಜಿನ ಮೇಲೆ. ಈ ವಿಷಯ ಅವರ ಎದುರು ಮಾತನಾಡಲಾರೆ. ಊರಿನ ಪಶು ಆಸ್ಪತ್ರೆಗೂ ಸದ್ಯಕ್ಕೆ ಹೇಳಬೇಡಿ. ಈ ಕಾಗದ ಕೈಗೆ ಬಂದ ದಿನವೇ ಬರೆಯಿರಿ.

ನಾನು ಚೆನ್ನಾಗಿದ್ದೇನೆ. ಊಟ, ನಿದ್ದೆ ಎಲ್ಲ ಸರಿಯಾಗಿದೆ.


ಮಾರ್ಚ್ 14

ಡಾಕ್ಟರಮ್ಮ,

ತಮಾಷೆ ಮಾಡಬೇಡಿ ಎಂದರೆ ನನ್ನ ನಾಲಿಗೆಗೇ ಬೀಗ ಹಾಕಿದ ಹಾಗೆ. ಆದರೂ ಪ್ರಯತ್ನಿಸುತ್ತೇನೆ.

ಜುಟ್ಟು ನೀಲಿಯಲ್ಲ, ಸ್ವಲ್ಪ ಬಿಳಿಚಿಕೊಂಡಿದೆ. ಮುಖ ಊದಿಲ್ಲ. ಕತ್ತು ನೆಟ್ಟಗಿದೆ, ನನ್ನ ಕೈ ಕುಕ್ಕುವಷ್ಟು ನೆಟ್ಟಗೆ. ಉಸಿರಿನಲ್ಲಿ ಸದ್ದಿಲ್ಲ. ಹಿಕ್ಕೆ ಹಸಿರಲ್ಲ, ಆದರೆ ದಿನಕ್ಕೆ ಒಂದೇ ಸಲ ಎದ್ದು ಹೋಗಿ ಒಂದು ಗುಡ್ಡ ಹಾಕಿ ಬರುತ್ತದೆ. ಆ ವಾಸನೆಯ ಮುಂದೆ ನಿನ್ನ ಕೋಟು ಅತ್ತರು.

ಈಗ ಮುಖ್ಯ ವಿಷಯ. ಹೋದ ವಾರದ ಕೊನೆಯಲ್ಲಿ ಅಕ್ಕ ಬಂದಿದ್ದಳು. ನಿನ್ನ ಕಾಗದ ಇನ್ನೂ ಬಂದಿರಲಿಲ್ಲ. ನಾನು ಬೂದಿಯ ಪಕ್ಕ ಕೂತು ಒದ್ದೆ ಬಟ್ಟೆಯಿಂದ ಅದರ ತಲೆ ಒರೆಸುತ್ತಿದ್ದುದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಮಂಕೇ, ಇದು ಜ್ವರ ಅಲ್ಲ ಕಣೋ, ಕಾವು. ಮರಿ ಮಾಡ್ಬೇಕು ಅಂತ ಹಠ ಹಿಡಿದು ಕೂತಿದೆ. ಡಾಕ್ಟರನ್ನ ಕಟ್ಟಿಕೊಂಡು ಇಷ್ಟೂ ಗೊತ್ತಿಲ್ವಾ ನಿನಗೆ?"

"ಹೊಟ್ಟೆ ಸುಡ್ತಾ ಇದೆಯಲ್ಲ ಅಕ್ಕ?"

"ಸುಡದೆ ಇದ್ರೆ ಮೊಟ್ಟೆಗೆ ಶಾಖ ನೀನು ಕೊಡ್ತೀಯಾ?"

ನಾನು ದಿನಾ ಮೊಟ್ಟೆ ಎತ್ತಿಕೊಳ್ಳುತ್ತಿದ್ದರಿಂದ ಪಾಪ ಬರಿನೆಲದ ಮೇಲೆ ಕೂತಿತ್ತು. ಅಕ್ಕ ಒಂದು ಬುಟ್ಟಿಗೆ ಹೊಟ್ಟು ಹಾಸಿ, ಡಬ್ಬಿಯಲ್ಲಿದ್ದ ಮೊಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಅದರ ಕೆಳಗೆ ಇಟ್ಟಳು. ಬೂದಿ ಕೊಕ್ಕಿನಿಂದ ಅವನ್ನು ಒಳಗೆ ಎಳೆದುಕೊಂಡ ಚಂದ ನೀನು ನೋಡಬೇಕಿತ್ತು. ನನಗೆ ನಾಚಿಕೆಯೇ ಆಯಿತು. ಇಷ್ಟು ದಿನ ಗರ್ಭಿಣಿಗೆ ಜ್ವರದ ಔಷಧಿ ಹುಡುಕುತ್ತಿದ್ದೆನಲ್ಲ.

ಸುಣ್ಣ ಹಾಕಿದ್ದೇನೆ, ಬಲೆ ಕಟ್ಟಿದ್ದೇನೆ, ಚಪ್ಪಲಿ ಬೇರೆ ಇಟ್ಟಿದ್ದೇನೆ. ಕೋಟು ಸುಡಲು ಮಾತ್ರ ಕೈ ಬರಲಿಲ್ಲ. ಬಿಸಿನೀರಿನ ಹಂಡೆಯಲ್ಲಿ ಸೋಪು ಹಾಕಿ ಕುದಿಸಿ ಇಟ್ಟಿದ್ದೇನೆ. ಆ ತೋಳು ಹೊಲಿಯಲು ಒಂದು ಪೂರ್ತಿ ಮಧ್ಯಾಹ್ನ ಹೋಗಿದೆ ಕಣೇ.

ಇಷ್ಟೆಲ್ಲ ಗಾಬರಿ ಯಾಕೆ? ಏನಾಗಿದೆ ಅಲ್ಲಿ?

ಮಾಸ್ಟರ್


ಮಾರ್ಚ್ 18

ರೀ,

ಕೇಳಿದಿರಲ್ಲ, ಹೇಳುತ್ತೇನೆ. ಇದು ಚುಚ್ಚುಮದ್ದಿನ ಕ್ಯಾಂಪಲ್ಲ. ಹಕ್ಕಿಜ್ವರ ಬಂದಿದೆ. ಬಂದ ಮೊದಲ ವಾರ ರೋಗ ಯಾವುದೆಂದು ನಮಗೂ ಖಚಿತವಿರಲಿಲ್ಲ. ಆಗ ಸತ್ತ ಕೋಳಿಗಳ ನಡುವೆ ಓಡಾಡಿದ ಕೋಟು ಅದು. ಕಾಯಿಲೆಯ ಜಾಗದಿಂದ ಒಂದು ದಾರದ ಎಳೆಯೂ ಹೊರಗೆ ಹೋಗಬಾರದೆಂದು ಮನೆಮನೆಗೆ ಹೇಳುವವಳು ನಾನು. ಹರಿದ ಕೋಟನ್ನು ಗಂಡ ಹೊಲಿಯುತ್ತಾನೆ ಎಂದು ಅಂಚೆಗೆ ಹಾಕಿದವಳೂ ನಾನೇ. ನೀವು ಅದರ ಜೇಬನ್ನು ಹಿತ್ತಲಲ್ಲಿ ಕೊಡವಿದ್ದೀರಿ. ಗೂಡಿನ ಮೇಲೆ ನೇತು ಹಾಕಿದ್ದೀರಿ.

ಕಾವು ಎನ್ನಬೇಡಿ. ಆ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಇಲ್ಲಿ ಯಾವ ಬಾಗಿಲು ತಟ್ಟಿದರೂ ಬರುವ ಮೊದಲ ಉತ್ತರ ಅದೇ. ಕೋಳಿ ಮೂಲೆಯಲ್ಲಿ ಮುದುರಿ ಕೂತಿರುತ್ತದೆ. "ಕಾಯಿಲೆ ಅಲ್ಲ ಮೇಡಂ, ಕಾವಿಗೆ ಕೂತಿದೆ" ಎನ್ನುತ್ತಾರೆ. ಬಂದ ಹೊಸದರಲ್ಲಿ ಒಂದು ಮನೆಯನ್ನು ನಂಬಿ ಬಿಟ್ಟು ಬಂದೆ. ಅದರ ಆಚೆಯ ಬೀದಿ ಪೂರ್ತಿ ಹೋಯಿತು. ನಂಬಿದ್ದಕ್ಕೆ ಅಷ್ಟು ಕೋಳಿ ತೆತ್ತಿದ್ದೇನೆ, ಇನ್ನು ನಂಬುವುದಿಲ್ಲ. ಅತ್ತಿಗೆಯನ್ನೂ ನಂಬುವುದಿಲ್ಲ. ಅವರಿಗೆ ಗೊತ್ತಿಲ್ಲದ ವಿಷಯ ಪ್ರಪಂಚದಲ್ಲಿ ಒಂದೂ ಇಲ್ಲ, ಅದೇ ನನಗೆ ಭಯ. ಮೊದಲ ಕಾಗದದಲ್ಲಿ ಜ್ವರ ಎಂದು ಬರೆದವರು ನೀವೇ.

ಐದನ್ನೂ ಮುಗಿಸಿಬಿಡಿ. ಬೂದಿ ಒಂದನ್ನೇ ಅಲ್ಲ, ಐದೂ. ಹೇಗೆ ಎಂದು ಇನ್ನೊಂದು ಹಾಳೆಯಲ್ಲಿ ಬರೆದಿದ್ದೇನೆ. ಓದಿ ಆ ಹಾಳೆ ಸುಡಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ. ಆಸ್ಪತ್ರೆಗೆ ಹೇಳಿದರೆ ನಮ್ಮ ಬೀದಿಯ ಒಂದು ಕೋಳಿಯೂ ಉಳಿಯುವುದಿಲ್ಲ, ಕೋಟಿನ ವಿಷಯವೂ ಹೊರಗೆ ಬರುತ್ತದೆ. ಹೇಳಬೇಕಾದ್ದು ನ್ಯಾಯ, ಗೊತ್ತು. ಹೇಳಲು ನನಗೆ ಧೈರ್ಯವಿಲ್ಲ.

ವಾದ ಮಾಡಿ ಕಾಗದ ಬರೆಯಬೇಡಿ. ಮುಗಿಸಿದೆ ಎಂದು ಒಂದು ಸಾಲು ಸಾಕು. ಅದು ಬರುವವರೆಗೆ ನನಗೆ ನಿದ್ದೆ ಇಲ್ಲ. ಊಟ, ನಿದ್ದೆ ಸರಿಯಾಗಿದೆ ಎಂದು ಬರೆದದ್ದೂ ಸುಳ್ಳೇ. ಕಣ್ಣು ಮುಚ್ಚಿದರೆ ಆ ತಂತಿ, ಆ ಕೋಟು ಕಾಣುತ್ತವೆ.


ಮಾರ್ಚ್ 22

ಐದೂ ಮುಗಿಸಿದೆ. ಸುಣ್ಣ ಹಾಕಿ ಹೂತೆ. ನೀನು ಮಲಗು.


ಮಾರ್ಚ್ 29

ರೀ,

ನಿಮ್ಮ ಸಾಲು ಬಂದ ದಿನ ಸಂಜೆಯೇ ಮಲಗಿದವಳು ಮರುದಿನ ಬಿಸಿಲೇರಿದ ಮೇಲೆ ಎದ್ದೆ. ಆಮೇಲೆ ಕೂತು ಅತ್ತೆ. ಹಗ್ಗದ ಮೇಲೆ ಸೀರೆ ಒಣಹಾಕಿದರೆ ಅದರ ಅಂಚು ಹಿಡಿದು ಎಳೆಯುತ್ತಿದ್ದ ಬೂದಿ. ಇರುವೆ ಸಾಯಿಸಲೂ ಹಿಂಜರಿಯುವ ನಿಮ್ಮ ಕೈಯಲ್ಲಿ ಮಾಡಿಸಿದೆನಲ್ಲ. ಕ್ಷಮಿಸಿ ಎನ್ನಲು ನಾಚಿಕೆಯಾಗುತ್ತದೆ.

ನಿಮ್ಮ ಆ ಸಾಲು ಇಲ್ಲಿ ಏನು ಮಾಡಿತು ಎಂದು ಹೇಳಬೇಕು. ಕೋಳಿಗಳನ್ನೆಲ್ಲ ಮುಗಿಸಲು ಗುರುತು ಹಾಕಿದ ನಮ್ಮ ಸುತ್ತಿನೊಳಗೆ ಒಂದೇ ಒಂದು ಮನೆ ಬಾಕಿ ಇತ್ತು. ಒಬ್ಬ ಅಜ್ಜಿ, ಒಂಟಿ ಹೆಂಗಸು. ನಾವು ಹೋದಾಗಲೆಲ್ಲ ಪೊರಕೆ ಹಿಡಿದು ಬಾಗಿಲಿಗೆ ಅಡ್ಡ ನಿಲ್ಲುವವರು. ಪೊಲೀಸರನ್ನು ಕರೆಸೋಣ ಎಂದರು ಸಾಹೇಬರು. ಇನ್ನೊಂದು ಸಲ ನಾನೇ ಹೋಗುತ್ತೇನೆ ಎಂದೆ.

"ಕಾವಿಗೆ ಕೂತಿದೆ ಕಣಮ್ಮ. ಜ್ವರ ಅಲ್ಲ" ಎಂದರು.

"ಎಲ್ಲರೂ ಹಾಗೇ ಹೇಳ್ತಾರೆ ಅಜ್ಜಿ."

"ಕೋಳಿ ಕೇಳಿ ಖಾರ ಅರೀತಾರಾ ಅನ್ನೋ ಜನ ನೀವು. ನನ್ನನ್ಯಾಕೆ ಕೇಳ್ತೀಯ? ನಿನ್ನ ಮನೆ ಕೋಳಿ ಆಗಿದ್ರೆ ಕೊಡ್ತಿದ್ದೆಯಾ, ಹೇಳು?"

ನಾನು ಜೇಬಿನಿಂದ ನಿಮ್ಮ ಕಾಗದ ತೆಗೆದು ಓದಿದೆ. ಅವರಿಗೆ ಅಕ್ಷರ ಬರುವುದಿಲ್ಲ. ಕಾಗದವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇಷ್ಟೇನಾ ಬರೆದಿರೋದು?"

"ಇಷ್ಟೇ."

"ಹೊಟ್ಟೆ ಉರಿದಿದೆ ಪಾಪ, ಅದಕ್ಕೆ ಮಾತು ಹೊರಟಿಲ್ಲ" ಎಂದು ಕಾಗದ ವಾಪಸು ಕೊಟ್ಟರು. ಪೊರಕೆಯನ್ನು ಗೋಡೆಗೆ ಒರಗಿಸಿ ಬಾಗಿಲು ಬಿಟ್ಟರು. ಅವರ ಕಡೆಯಿಂದ ಜಗಳವಿಲ್ಲದೆ ಕೆಲಸ ಮುಗಿಯಿತು. ಸಾಹೇಬರು ನನ್ನ ಬೆನ್ನು ತಟ್ಟಿದರು.

ಕಾಗದ ಬರೆಯಿರಿ. ಏನಾದರೂ ಬರೆಯಿರಿ. ಹುಂಜ ಈಗಲೂ ಗೋಡೆಯ ಮೇಲೆ ಕೂತು ನೋಡುತ್ತದೆಯೇ?


ಏಪ್ರಿಲ್ 6

ರೀ,

ನಿಮ್ಮಿಂದ ಕಾಗದವೇ ಇಲ್ಲ. ಕೋಪ ಎಂದು ಗೊತ್ತು. ಹೇಳದೆ ಕೇಳದೆ ಸುಳ್ಳು ಹೇಳಿ ಬಂದೆ, ಕಾಯಿಲೆಯನ್ನು ಮನೆಗೆ ಕಳಿಸಿದೆ, ಕೊಲ್ಲುವ ಕೆಲಸವನ್ನೂ ನಿಮ್ಮ ತಲೆಗೆ ಕಟ್ಟಿದೆ. ಬೈದು ಬರೆಯಿರಿ. ನೀವು ಸುಮ್ಮನಿದ್ದರೆ ಇಲ್ಲಿ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅಂಚೆಯವನ ಸೈಕಲ್ಲು ಕಂಡರೆ ಓಡುತ್ತೇನೆ, ಜೊತೆಯ ಡಾಕ್ಟರುಗಳು ನಗುತ್ತಾರೆ.

ಹಿತ್ತಲು ಬಿಕೋ ಎನ್ನುತ್ತಿರಬೇಕು. ಆ ಕಡೆಯ ಬಾಗಿಲು ತೆಗೆಯಲೇಬೇಡಿ. ನಾನು ಬಂದ ಮೇಲೆ ಇಬ್ಬರೂ ಸೇರಿ ಗೂಡು ಬಿಚ್ಚೋಣ.


ಏಪ್ರಿಲ್ 13

ಡಾಕ್ಟರಮ್ಮ,

ಬಿಚ್ಚಲು ಗೂಡು ಖಾಲಿ ಇಲ್ಲ.

ನಿನ್ನ ಎರಡು ಕಾಗದಗಳನ್ನೂ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟುಕೊಂಡು ದಿನಾ ತೆಗೆದು ಓದುತ್ತಿದ್ದೇನೆ. ಬರೆಯಲು ಕೂತರೆ ಯಾರಾದರೂ ಗಿರಾಕಿ ಬರಲಿ ಎಂದು ಬೇಡಿಕೊಳ್ಳುತ್ತೇನೆ. ಇನ್ನು ತಳ್ಳಲಾಗದು. ಐದೂ ಬದುಕಿವೆ. ಒಂದನ್ನೂ ನಾನು ಕೊಲ್ಲಲಿಲ್ಲ. ಬೂದಿ ಮರಿಗಳನ್ನೂ ಮಾಡಿದೆ.

ನಿನ್ನ ಹಾಳೆಯಲ್ಲಿ ಬರೆದಿದ್ದಂತೆ ಬಟ್ಟೆ ಕಟ್ಟಿಕೊಂಡು, ಚೀಲ ಹಿಡಿದು ಹೋದದ್ದು ನಿಜ. ಗುಂಡಿ ತೋಡಿದ್ದೂ ನಿಜ. ಬೂದಿಯ ಕೆಳಗೆ ಕೈ ಹಾಕಿದೆ. ಮೊಟ್ಟೆಗಳು ಬೆಚ್ಚಗಿದ್ದವು. ಕಾಯಿಲೆಯ ಕೋಳಿ ಇಷ್ಟು ನಿಗಾ ಮಾಡುತ್ತದೆಯೇ ಎನ್ನಿಸಿತು. ಕೈ ಹಿಂದಕ್ಕೆ ಬಂತು. ಗುಂಡಿಯನ್ನು ಹಾಗೇ ಮುಚ್ಚಿದೆ. ಅಕ್ಕ ಹೇಳಿದ್ದನ್ನು ನಂಬಿದೆ, ನೀನು ಹೇಳಿದ್ದನ್ನು ನಂಬಲಿಲ್ಲ. ಇದನ್ನು ನೀನು ಕ್ಷಮಿಸುವುದು ಕಷ್ಟ.

ಆದರೆ ನೀನು ಮಲಗಬೇಕಿತ್ತು. ನಾನು ದರ್ಜಿ ಕಣೇ. ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿರುವುದಿಲ್ಲ, "ಎಲ್ಲ ಆಗಿದೆ, ಗುಂಡಿ ಒಂದೇ ಬಾಕಿ" ಎನ್ನುತ್ತೇನೆ. ಗಿರಾಕಿ ನೆಮ್ಮದಿಯಾಗಿ ಮನೆಗೆ ಹೋಗುತ್ತಾನೆ, ಅವನು ಮತ್ತೆ ಬರುವಷ್ಟರಲ್ಲಿ ನಾನು ಹೊಲಿದಿರುತ್ತೇನೆ. ನಿನಗೂ ಹಾಗೆಯೇ ಹೇಳಿಬಿಟ್ಟೆ. ನೀನು ಬರುವಷ್ಟರಲ್ಲಿ ಎಲ್ಲ ಸರಿಹೋಗಿರುತ್ತದೆ, ಆಗ ಇಬ್ಬರೂ ನಗಬಹುದು ಎಂದುಕೊಂಡೆ. ನೀನು ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಇನ್ನೊಬ್ಬರ ಬಾಗಿಲಲ್ಲಿ ಓದುತ್ತೀಯ ಎಂದು ನನಗೇನು ಗೊತ್ತು?

ನಾನು ಹಾಯಾಗಿ ಇದ್ದೆ ಎಂದುಕೊಳ್ಳಬೇಡ. ದಿನಾ ಬೆಳಗ್ಗೆ ಹಿತ್ತಲ ಬಾಗಿಲು ತೆಗೆಯುವ ಮೊದಲು ಅದಕ್ಕೆ ಕಿವಿ ಕೊಟ್ಟು ಕೋಳಿಗಳ ಸದ್ದು ಕೇಳುತ್ತಿದ್ದೆ. ಐದೂ ಕಾಲು ಚಾಚಿ ಬಿದ್ದಿದ್ದರೆ? ಪಕ್ಕದ ಮನೆಯದೂ ಬಿದ್ದಿದ್ದರೆ? ಯಾರನ್ನೂ ಒಳಗೆ ಬಿಡಲಿಲ್ಲ, ಹಾಲನ್ನೂ ಬೀದಿಯಲ್ಲೇ ನಿಂತು ತೆಗೆದುಕೊಂಡೆ. ಕೋಟನ್ನು ಕೊನೆಗೆ ಸುಟ್ಟೆ. ಒಂದು ಕೋಳಿಯೂ ಸೀನಲಿಲ್ಲ.

ಆ ಅಜ್ಜಿಯ ಬಗ್ಗೆ ಓದಿದಾಗಿನಿಂದ ಬೂದಿ ಮರಿಗಳನ್ನು ಕರೆದುಕೊಂಡು ಹೊರಗೆ ಬಂದರೆ ನಾನು ಒಳಗೆ ಹೋಗಿಬಿಡುತ್ತೇನೆ. ನೋಡಲು ಆಗುವುದಿಲ್ಲ.

ನಿನ್ನ ಮಾಸ್ಟರ್ ಎಂದು ಬರೆಯಲು ಅಳುಕು. ಆದರೂ ನಿನ್ನವನೇ.


ಏಪ್ರಿಲ್ 21

ರೀ,

ನಾಲ್ಕು ಸಲ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ಬರೀ ಬೈಗುಳವಿತ್ತು, ಅದನ್ನು ಕಳಿಸಬೇಕಿತ್ತು. ಬದುಕಿವೆ ಎಂದು ಓದಿದ ಕ್ಷಣ ನನಗೆ ಸಂತೋಷವಾಯಿತು. ಆ ಸಂತೋಷಕ್ಕೇ ನಿಮ್ಮ ಮೇಲೆ ಹೆಚ್ಚು ಕೋಪ ಬಂತು. ನೀವು ಮಾಡಿದ್ದರಲ್ಲಿ ಬುದ್ಧಿ ಇರಲಿಲ್ಲ, ಅದೃಷ್ಟ ಇತ್ತು. ಒಂದು ಕೋಳಿಗೆ ಹತ್ತಿದ್ದರೂ ಇಡೀ ಊರು ನಮ್ಮ ಮುಖಕ್ಕೆ ಉಗಿಯುತ್ತಿತ್ತು. ಇದನ್ನು ನೀವು ಮರೆಯಬಾರದು, ನಾನೂ ಮರೆಯುವುದಿಲ್ಲ.

ಕೋಟಿನ ವಿಷಯ ಸಾಹೇಬರಿಗೆ ಹೇಳಿದೆ. ಅವರು ಬೈಯಲಿಲ್ಲ, ಬರೆದು ಕೊಡು ಎಂದರು. ಬರೆದು ಕೊಟ್ಟಿದ್ದೇನೆ. ನಮ್ಮ ಊರಿನ ಆಸ್ಪತ್ರೆಯವರು ಬಂದು ಕೋಳಿಗಳ ಗಂಟಲಿನಿಂದ ಮಾದರಿ ತೆಗೆದುಕೊಂಡು ಹೋಗುತ್ತಾರೆ. ಅವರಿಗೆ ಎಲ್ಲವನ್ನೂ ತೋರಿಸಿ. ಬೂದಿ ಕುಕ್ಕುತ್ತದೆ ಎಂದು ಮೊದಲೇ ಹೇಳಿ. ನನಗೆ ಏನು ಶಿಕ್ಷೆಯೋ ಆಮೇಲೆ ತಿಳಿಯುತ್ತದೆ.

ಹೋದ ಸಲ ಒಂದು ಮಾತು ಬರೆಯದೆ ಬಿಟ್ಟಿದ್ದೆ. ಅಜ್ಜಿಯ ಆ ಕೋಳಿಯನ್ನು ಎತ್ತಲು ನಾನೇ ಕೈ ಹಾಕಿದ್ದು. ಕೆಳಗೆ ಮೊಟ್ಟೆಗಳಿದ್ದವು, ಬೆಚ್ಚಗಿದ್ದವು. ನಿಮ್ಮ ಕೈಗೆ ತಾಗಿದಷ್ಟೇ ಬೆಚ್ಚಗೆ. ಅವರು ಹೇಳಿದ್ದು ನಿಜವಾಗಿತ್ತು, ಅದು ಕಾವೇ. ನಿಜವಾದರೂ ಬಿಡುವ ಹಾಗಿರಲಿಲ್ಲ. ಸುತ್ತಿನೊಳಗೆ ಬಂದ ಮೇಲೆ ರೋಗವಿರಲಿ ಬಿಡಲಿ, ಎಲ್ಲವೂ ಹೋಗಬೇಕು. ಅದನ್ನು ಅವರಿಗೆ ಹೇಳಿಯೇ ತೆಗೆದುಕೊಳ್ಳಬಹುದಿತ್ತು. ನೀವು ಹೇಳುವುದು ನಿಜ ಅಜ್ಜಿ, ಆದರೂ ಕೊಡಬೇಕು ಎನ್ನಬಹುದಿತ್ತು. ನಾನು ಹೇಳಲಿಲ್ಲ. ನನ್ನ ಕೋಳಿಗಳು ಹೋಗಿವೆ ಎಂಬ ಧೈರ್ಯದಲ್ಲಿ ಅವರನ್ನು ಸುಳ್ಳುಗಾರ್ತಿ ಮಾಡಿ ಬಂದೆ.

ನಿನ್ನೆ ಅವರ ಮನೆಗೆ ಹೋದೆ. ಹೊಸಿಲ ಮೇಲೆ ಕೂತು ಕಾಳು ಆರಿಸುತ್ತಿದ್ದರು. ನನ್ನನ್ನು ನೋಡಿ, "ಇನ್ನೇನು ಉಳಿದಿದೆ ಅಂತ ಬಂದೆ?" ಎಂದರು. ನಿಂತೇ ಹೇಳಿದೆ. ನಿಮ್ಮದು ಕಾವೇ ಆಗಿತ್ತು, ನನಗೆ ಗೊತ್ತಾಯಿತು, ಗೊತ್ತಾದರೂ ಬಾಯಿ ಬಿಡಲಿಲ್ಲ ಎಂದೆ. ಆಮೇಲೆ ನಿಮ್ಮ ಕಾಗದದ ವಿಷಯವನ್ನೂ ಹೇಳಿದೆ.

"ನಿನ್ನ ಗಂಡ ಬರೆದದ್ದು ಸುಳ್ಳಾ?"

"ಹೌದು ಅಜ್ಜಿ."

"ಬದುಕಿವೆಯಾ ಅವು?"

"ಬದುಕಿವೆ. ನಮ್ಮದೂ ಕಾವಿಗೇ ಕೂತಿತ್ತಂತೆ. ಮರಿ ಆಗಿದೆ."

ಮೊರ ಕೆಳಗಿಟ್ಟರು. ಬೈಯಲಿ ಎಂದು ಕಾಯುತ್ತಾ ನಿಂತೆ. ಹೊಡೆದರೂ ಹೊಡೆಯಲಿ ಎನ್ನಿಸಿತ್ತು. ಅವರು ಖಾಲಿ ಗೂಡಿನ ಕಡೆ ಒಂದು ಸಲ ನೋಡಿ, ನನ್ನ ಕಡೆ ತಿರುಗಿ, "ಎಷ್ಟು ಮರಿ?" ಎಂದರು.

ಗೊತ್ತಿಲ್ಲ ಎಂದೆ. ನೀವು ಬರೆದಿರಲಿಲ್ಲ.

"ಏನು ಹೆಂಗಸು ನೀನು? ಮೊದಲು ಕೇಳೋದು ಅದನ್ನಲ್ವಾ? ಕೇಳಿಕೊಂಡು ಬಾ ಹೋಗು" ಎಂದು ಮೊರ ಎತ್ತಿಕೊಂಡರು.

ಈ ತಿಂಗಳ ಕೊನೆಗೆ ನಮ್ಮ ಕ್ಯಾಂಪು ಎತ್ತುತ್ತಾರೆ. ಅದಕ್ಕೆ ಮೊದಲು ನಾನು ಅವರ ಮನೆಗೆ ಹೋಗಿ ಹೇಳಬೇಕು. ಎಷ್ಟು ಮರಿ ಎಂದು ಬರೆಯಿರಿ. ಸತ್ತಿದ್ದರೆ ಅದನ್ನೂ ಬರೆಯಿರಿ. ನನ್ನ ಸಮಾಧಾನಕ್ಕೆ ಒಂದೂ ಹೆಚ್ಚು ಮಾಡಬೇಡಿ, ಅವರ ಸಮಾಧಾನಕ್ಕೆ ಒಂದೂ ಕಡಿಮೆ ಮಾಡಬೇಡಿ.